ಬೆಳಿಗ್ಗೆ ಏಳದ ಎಮ್ಮೆ

ಅಕ್ಟೋಬರ್ 9, 1996

ಪುಟ್ಟನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಯಾರೂ ಕ್ಷೇಮವಿಲ್ಲ ಎಂದು ಬರೆದರೆ ನೀನು ಮುಂದಿನ ದೋಣಿ ಹತ್ತಿಬಿಡುತ್ತೀಯ. ಹಾಗಾಗಿ ನಗರಸಭೆಯಿಂದ ಶುರುಮಾಡುತ್ತೇನೆ. ಅದರ ಆರೋಗ್ಯ ಎಂದಿನಂತೆ ಚೆನ್ನಾಗಿದೆ.

ಹೋದ ತಿಂಗಳು ನಮ್ಮ ಬೀದಿಯನ್ನು ಏಕಮುಖ ಸಂಚಾರದ ರಸ್ತೆ ಮಾಡಿದರು. ಯಾರನ್ನೂ ಕೇಳಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಂಬ, ಕಂಬದ ಮೇಲೆ ನೀಲಿ ತಗಡು, ತಗಡಿನ ಮೇಲೆ ಬಾಣ. ಇನ್ನು ಮೇಲೆ ಗೋದಾಮಿನ ಕಡೆಯಿಂದ ಹತ್ತಿ ನೀರಿನ ಟ್ಯಾಂಕಿನ ಕಡೆ ಹೊರಬೀಳಬೇಕು. ಇಷ್ಟು ವರ್ಷ ನಾನು ಟ್ಯಾಂಕಿನ ಕಡೆಯಿಂದ ಜಾರಿಕೊಂಡು ಬಂದು ಗೇಟಿನ ಮುಂದೆ ನಿಲ್ಲಿಸುತ್ತಿದ್ದೆ. ಈಗ ಊರು ಸುತ್ತಿ, ಕೆಳಗಿನಿಂದ ಏದುಸಿರು ಬಿಡುತ್ತ ಹತ್ತಿ ಬರಬೇಕು. ಇದೇ ನಗರಸಭೆ, ನೀನು ತಾಂತ್ರಿಕ ಶಾಲೆಗೆ ಸೇರಿದ ವರ್ಷ, ಹಳೆಯ ಆಸ್ಪತ್ರೆಯ ಮುಂದೆ ‘ಸದ್ದು ಮಾಡಬೇಡಿ’ ಎಂದು ಫಲಕ ನೆಟ್ಟಿತ್ತು, ನೆನಪಿದೆಯೇ? ಆಸ್ಪತ್ರೆ ಬೇರೆ ಕಡೆಗೆ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಜನ ಮರೆತಿದ್ದಾರೆ. ನಾನು ಮರೆತಿಲ್ಲ. ಇಡೀ ಜೀವಮಾನ ಗ್ರಂಥಾಲಯದಲ್ಲಿ ಕುಳಿತು ಹಳೆಯ ದಿನಪತ್ರಿಕೆಗಳನ್ನು ಜೋಡಿಸಿಟ್ಟವಳು ನಾನು.

ನಿನ್ನ ಭಾವನಿಗೆ ವಾರಕ್ಕೆ ಮೂರು ಬೆಳಿಗ್ಗೆ ರಕ್ತ ಶುದ್ಧಿಯ ಯಂತ್ರದ ಪಕ್ಕ ಮಲಗುವುದು ಈಗ ನೌಕರಿಯಂತೆ ಆಗಿದೆ. ಮೊದಲ ಪಾಳಿಯ ಹಾಸಿಗೆ ನಮ್ಮದು. ಅದು ಸಿಗಲು ಎಷ್ಟು ಕಾದೆವೆಂದು ನಿನಗೆ ಗೊತ್ತು. ತಡವಾದರೆ ಆ ದಿನದ ಹಾಸಿಗೆ ಹೋಗುತ್ತದೆ. ಮತ್ತೆ ಮತ್ತೆ ತಡವಾದರೆ ಜಾಗವೇ ಹೋಗುತ್ತದೆ, ಹೊರಗೆ ಕಾಯುವವರು ಬಹಳ ಮಂದಿ. ಆಮೇಲೆ ಉಳಿಯುವುದು ಪಕ್ಕದ ಪಟ್ಟಣದ ಕೇಂದ್ರ. ಈಗಿನ ಅವರ ಸ್ಥಿತಿಯಲ್ಲಿ ಅಷ್ಟು ದೂರದ ಪ್ರಯಾಣ ಆಗದ ಮಾತು.

ಇನ್ನು ಎಮ್ಮೆ ಸಮಾಚಾರ. ದ್ವೀಪದ ವಿದ್ಯುತ್ ಸ್ಥಾವರಕ್ಕೆ ಹೊರಟ ದಿನ ನೀನು ಈ ಕಪ್ಪು ಡೀಸೆಲ್ ಕಾರನ್ನು ನನ್ನ ಕೊರಳಿಗೆ ಕಟ್ಟಿ, ದಿನವೂ ಓಡಿಸಿದರೆ ಅದು ನಿನಗಿಂತ ಹೆಚ್ಚು ಬಾಳುತ್ತದೆ ಎಂದಿದ್ದೆ. ದಿನವೂ ಓಡಿಸುತ್ತಿದ್ದೇನೆ. ನೀನು ಕಾಗದದ ಮೇಲೆ ಕಲಿಸಿದಂತೆ ಎಣ್ಣೆ ಬದಲಾಯಿಸಿದೆ, ಡೀಸೆಲ್ ಸೋಸುವ ಸೋಸುಕದ ತಳದ ನೀರು ಇಳಿಸಿದೆ, ಫ್ಯಾನಿನ ಪಟ್ಟಿ ಬಿಗಿ ಮಾಡಿದೆ. ಆದರೆ ಕೆಲವು ವಾರಗಳಿಂದ ಎಮ್ಮೆ ಬೆಳಿಗ್ಗೆ ಏಳುವುದಿಲ್ಲ. ಕೀಲಿ ತಿರುಗಿಸಿದರೆ ಗರಗರ ಎಂದು ಬಹಳ ಹೊತ್ತು ಸುತ್ತುತ್ತದೆ, ಬಿಳಿ ಹೊಗೆ ಕಾರುತ್ತದೆ, ಕೊನೆಗೆ ಕುಂಟುತ್ತ ಏಳುತ್ತದೆ. ಒಮ್ಮೆ ಎದ್ದ ಮೇಲೆ ಇಡೀ ದಿನ ತಕರಾರಿಲ್ಲ. ಚಳಿ ಶುರುವಾಗಿದೆ, ಅದಕ್ಕೋ ಏನೋ. ಏನು ಮಾಡಲಿ?

ನಿನ್ನ ಅಕ್ಕ

* * *

ಅಕ್ಟೋಬರ್ 21, 1996

ಅಕ್ಕನಿಗೆ,

ದೋಣಿ ಹೊರಡುವುದರೊಳಗೆ ಬರೆಯುತ್ತಿದ್ದೇನೆ. ಎಂದಿನಂತೆ ಎಮ್ಮೆ ಸಮಾಚಾರ ಮೊದಲು ಓದಿದೆ. ಉಳಿದದ್ದನ್ನು ಬಿಡುವಾದಾಗ ಓದುತ್ತೇನೆ. ನಗರಸಭೆ ಎಲ್ಲಿಗೂ ಓಡಿಹೋಗುವುದಿಲ್ಲ.

ಬೆಳಿಗ್ಗೆ ಮಾತ್ರ ತೊಂದರೆ, ಬಿಸಿಯಾದ ಮೇಲೆ ಇಲ್ಲ, ಬಿಳಿ ಹೊಗೆ. ಇದು ಕಾವು ಕೊಡುವ ಪ್ಲಗ್ಗುಗಳ ಕೆಲಸ. ಡೀಸೆಲ್ ಎಂಜಿನ್‌ಗೆ ಕಿಡಿ ಇಲ್ಲ, ಕಾವೇ ಎಲ್ಲ. ತಣ್ಣಗಿರುವಾಗ ಆ ಪ್ಲಗ್ಗು ಕೆಂಪಾಗಿ ಒಳಗಿನ ಗಾಳಿಯನ್ನು ಬಿಸಿ ಮಾಡಬೇಕು. ಒಂದೊಂದನ್ನೇ ಬಿಚ್ಚಿ ಬ್ಯಾಟರಿಗೆ ತಂತಿ ಕೊಟ್ಟು ನೋಡು. ಕೆಂಪಾಗದ್ದನ್ನು ಬದಲಾಯಿಸು. ಕೈ ಸುಟ್ಟುಕೊಳ್ಳಬೇಡ.

ಅದು ಏಳುವಾಗಿನ ಶಬ್ದ ಹೇಗಿದೆ ಬರೆ. ಗರಗರ ಸಾಲದು. ನೀನು ಅಷ್ಟು ಪುಸ್ತಕ ಓದಿದವಳು, ಸರಿಯಾದ ಪದ ಹುಡುಕು. ಓದಿದರೆ ನನಗೆ ಕೇಳಿಸುವ ಹಾಗಿರಲಿ.

ಫೋನ್ ಮಾಡಬೇಡ. ಇಲ್ಲಿನ ಕಚೇರಿಯ ಫೋನ್ ನೆಟ್ಟಗಿಲ್ಲ, ದುಡ್ಡು ದಂಡ. ಭಾವ ಚೆನ್ನಾಗಿದ್ದಾರೆಂದು ತಿಳಿದಿದ್ದೇನೆ.

ಪುಟ್ಟ

* * *

ನವೆಂಬರ್ 2, 1996

ಪುಟ್ಟನಿಗೆ,

ಭಾವ ಚೆನ್ನಾಗಿದ್ದಾರೆಂದು ಎಲ್ಲಿಂದ ತಿಳಿದೆ? ನಾನು ಬರೆದದ್ದನ್ನು ಓದಿದ್ದರೆ ಹಾಗೆ ತಿಳಿಯುತ್ತಿರಲಿಲ್ಲ.

ಪ್ಲಗ್ಗುಗಳನ್ನು ಬಿಚ್ಚಿದೆ. ಒಂದು ಸತ್ತಿತ್ತು. ಇರಲಿ ಎಂದು ಎಲ್ಲವನ್ನೂ ಹೊಸದು ಹಾಕಿದೆ. ನಿನ್ನ ಭಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಹೊಲಿಗೆಯಂಗಡಿಯಲ್ಲಿ ಗುಂಡಿ ಜೋಡಿಸುತ್ತಿದ್ದ ಹಾಗೆ ತಿರುಪುಗಳನ್ನು ಸಾಲಾಗಿ ಬಟ್ಟೆಯ ಮೇಲೆ ಜೋಡಿಸಿಕೊಟ್ಟರು. ಆ ಕೆಲಸದಲ್ಲಿ ಅವರ ಕೈ ಇನ್ನೂ ನಡುಗುವುದಿಲ್ಲ. ಎಲ್ಲ ಮುಗಿಸಿ ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿದರೆ ಅದೇ ರಾಗ.

ಶಬ್ದ ಕೇಳಿದೆಯಲ್ಲ, ಹೇಳುತ್ತೇನೆ. ಮೊದಲು ಖಾಲಿ ಬಿಂದಿಗೆಯಲ್ಲಿ ಸೌಟು ಆಡಿಸಿದಂತೆ. ಆಮೇಲೆ ಒಂದೇ ಒಂದು ಕೆಮ್ಮು. ಮತ್ತೆ ಖಾಲಿ ಬಿಂದಿಗೆ. ಮತ್ತೆ ಎರಡು ಕೆಮ್ಮು, ಗಂಟಲಲ್ಲಿ ಏನೋ ಸಿಕ್ಕಿದವರ ಹಾಗೆ. ಕೊನೆಗೆ ಮೂರು ಕಾಲಿನ ಪ್ರಾಣಿ ಓಡಿದಂತೆ, ಆಮೇಲೆ ನಾಲ್ಕು ಕಾಲು. ಇದಕ್ಕಿಂತ ಚೆನ್ನಾಗಿ ನನಗೆ ಬರೆಯಲು ಬರುವುದಿಲ್ಲ.

ನೀನು ಬೇಡವೆಂದರೂ ಫೋನ್ ಮಾಡಿದೆ. ಗ್ಯಾರೇಜಿನ ಮೇಸ್ತ್ರಿ ಹೇಳಿದ್ದನ್ನು ಒಂದೊಂದಾಗಿ ಹೇಳಿದೆ. ನೀನು ‘ಹ್ಞೂಂ, ಹ್ಞೂಂ, ಬರೆ’ ಎಂದು ಇಟ್ಟುಬಿಟ್ಟೆ. ಫೋನ್ ನೆಟ್ಟಗಿಲ್ಲ ಎಂದೆಯಲ್ಲ, ನಿನ್ನ ಹಿಂದೆ ಯಾರೋ ಕುರ್ಚಿ ಎಳೆದದ್ದೂ ನನಗೆ ಕೇಳಿಸಿತು. ಅಕ್ಕನ ಜೊತೆ ನಾಲ್ಕು ಮಾತಾಡಲು ಮನಸ್ಸಿಲ್ಲದಿದ್ದರೆ ಹಾಗೆಂದು ಹೇಳು, ಫೋನಿನ ಮೇಲೆ ಹಾಕಬೇಡ.

ಮೇಸ್ತ್ರಿ ಹೇಳುವುದೇನೆಂದರೆ ಎಂಜಿನ್ ಒಳಗೇ ಸವೆದಿದೆ, ಒತ್ತಡ ನಿಲ್ಲುತ್ತಿಲ್ಲ. ಮಧ್ಯಾಹ್ನ ಬಂದ, ಎಣ್ಣೆಯ ಮುಚ್ಚಳ ತೆಗೆದು ಹೊಗೆ ಬಡಿಯುತ್ತದೆಯೇ ಎಂದು ಅಂಗೈ ಹಿಡಿದ, ತಲೆ ಆಡಿಸಿದ. ‘ಆಯ್ತಮ್ಮ ಇದರ ಋಣ’ ಎಂದ. ನಿನ್ನ ಕಾಲದ ಮೇಸ್ತ್ರಿಯ ಮಗ ಇವನು. ಅಪ್ಪನಿಗೆ ಅನುಮಾನವಾದರೂ ಇರುತ್ತಿತ್ತು, ಇವನಿಗೆ ಅದೂ ಇಲ್ಲ.

ಮಂಗಳವಾರ ತಡವಾಯಿತು. ಹಾಸಿಗೆ ಬೇರೆಯವರಿಗೆ ಹೋಗಿತ್ತು. ಸಂಜೆಯವರೆಗೆ ಕಾಯಿಸಿ ಯಾರೋ ಬಾರದ ಜಾಗದಲ್ಲಿ ಮಲಗಿಸಿದರು. ಹಿರಿಯ ದಾದಿ ಒಳ್ಳೆಯ ಹೆಂಗಸು, ಸಿಡುಕಲಿಲ್ಲ. ನನ್ನ ಕೈ ಹಿಡಿದು, ಇನ್ನೊಂದು ಸಲ ಹೀಗಾದರೆ ತನ್ನ ಕೈಯಲ್ಲಿ ಏನೂ ಇರುವುದಿಲ್ಲ ಎಂದಳು. ಸಿಡುಕಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ಬಾಡಿಗೆ ಕಾರಿನವರು ಆ ಹೊತ್ತಿಗೆ ಈ ಬೀದಿಗೆ ಬರುವುದಿಲ್ಲ. ಏಕಮುಖ ರಸ್ತೆ, ಸುತ್ತು ಜಾಸ್ತಿ ಎನ್ನುತ್ತಾರೆ. ನೋಡಿದೆಯಾ, ಎಲ್ಲಿಂದ ಎಲ್ಲಿಗೆ ಬಂತು.

ನಗರಸಭೆಗೆ ಮನವಿ ಕೊಟ್ಟೆ. ಅಧಿಕಾರಿ ಓದಿದ. ಫಲಕ ಹಾಕಿದ ಮೇಲೆ ಕಾರು ಏರುಮುಖವಾಗಿ ನಿಲ್ಲಿಸಬೇಕಾಗಿದೆ, ಬಾಗಿಲು ತೆರೆದರೆ ಹಿಂದಕ್ಕೆ ಎಳೆಯುತ್ತದೆ, ರೋಗಿಯನ್ನು ಇಳಿಸಲು ಕಷ್ಟ ಎಂದು ಬರೆದಿದ್ದೆ. ‘ಕಾರು ಯಾವ ಕಡೆ ಮುಖ ಮಾಡಿದ್ರೆ ಏನಮ್ಮ, ನಿಂತಿರೋದು ತಾನೆ’ ಎಂದ. ಇಂಥವರ ಕೈಗೆ ಊರು ಕೊಟ್ಟಿದ್ದೇವೆ.

ಅಕ್ಕ

* * *

ನವೆಂಬರ್ 11, 1996

ಅಕ್ಕನಿಗೆ,

ಮೇಸ್ತ್ರಿಯೂ ನನಗೆ ಬರೆದಿದ್ದ. ನಿನ್ನ ಶಬ್ದದ ವಿವರಣೆಯನ್ನೂ ಎರಡು ಸಲ ಓದಿದೆ. ಒಂದು ಕೆಮ್ಮು, ಎರಡು ಕೆಮ್ಮು, ಮೂರು ಕಾಲು. ಒತ್ತಡ ಹೋದ ಎಂಜಿನ್ ಹೀಗೇ ಮಾಡುತ್ತದೆ. ಹೊಸ ಪ್ಲಗ್ಗು ಹಾಕಿಯೂ ಏಳದಿದ್ದರೆ ಬೇರೆ ಅರ್ಥವಿಲ್ಲ. ನನ್ನ ಮಾತು ನಿನಗೆ ಕಹಿಯಾಗುತ್ತದೆಂದು ಗೊತ್ತು.

ಯಂತ್ರಕ್ಕೆ ವಯಸ್ಸಾದದ್ದು ಯಂತ್ರಕ್ಕೆ ಗೊತ್ತಾಗುವುದಿಲ್ಲ, ಅಕ್ಕ. ಅದು ಎಂದಿನಂತೆ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿರುತ್ತದೆ. ಸುತ್ತಲಿನವರು ಗಮನಿಸಿ ಪಕ್ಕಕ್ಕೆ ಸರಿಸಬೇಕು. ಅದು ಅವಮಾನವಲ್ಲ.

ಕಾರು ನನ್ನ ಹೆಸರಿನಲ್ಲಿದೆ. ಗುಜರಿಗೆ ಕೊಡಲು ಒಪ್ಪಿಗೆ ಬರೆದು ಮೇಸ್ತ್ರಿಗೆ ಕಳಿಸಿದ್ದೇನೆ. ನಿನಗೆ ಒಂದು ಸಣ್ಣ ಹೊಸ ಕಾರು ನೋಡಲು ಅವನಿಗೇ ಹೇಳಿದ್ದೇನೆ, ಅದರ ವ್ಯವಸ್ಥೆ ನನ್ನದು. ನೀನು ಬೆಳಗಿನ ಜಾವದ ಚಳಿಯಲ್ಲಿ ಹಳೆಯ ಕಬ್ಬಿಣದ ಜೊತೆ ಹಟ ಮಾಡುವುದು ಬೇಡ. ಅದರ ಮೇಲಿನ ಮಮತೆ ನನಗೂ ಇದೆ. ಮಮತೆಯಿಂದ ಎಂಜಿನ್ ಓಡುವುದಿಲ್ಲ.

ಪುಟ್ಟ

* * *

ನವೆಂಬರ್ 16, 1996

ಪುಟ್ಟನಿಗೆ,

ನಿನ್ನ ಪತ್ರ ನನಗೆ ತಲುಪಿದ್ದು ನಿನ್ನೆ. ಗುಜರಿಯ ಲಾರಿ ತಲುಪಿದ್ದು ಮೊನ್ನೆ. ಅಂಚೆಗಿಂತ ಗುಜರಿ ಚುರುಕಾಗಿರುವ ಊರಿದು.

ನಡೆದದ್ದನ್ನು ಹೇಳುತ್ತೇನೆ. ಚಿಕಿತ್ಸೆ ಮುಗಿಸಿ ಬಂದು ನಿಲ್ಲಿಸಿದ್ದೆ. ನಾನು ಬಾಗಿಲಿನ ಬೀಗ ತೆಗೆಯಲು ಹೋಗಿದ್ದೆ, ನಿನ್ನ ಭಾವ ಇನ್ನೂ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಯಂತ್ರದಿಂದ ಬಂದ ಮೇಲೆ ಸ್ವಲ್ಪ ಹೊತ್ತು ಹಾಗೆ ಕೂರಬೇಕು ಅವರಿಗೆ. ಲಾರಿ ಬಂತು. ಗುಜರಿಯವನು, ದಪ್ಪ ಮೀಸೆಯ ಆಳು, ಎಮ್ಮೆಯ ಮೂತಿಗೆ ಸರಪಳಿ ಹಾಕಲು ಬಗ್ಗಿದ. ಆಮೇಲೆ ಗಾಜಿನೊಳಗೆ ಮನುಷ್ಯನನ್ನು ನೋಡಿ ಹೌಹಾರಿದ. ಇಳೀರಿ ಯಜಮಾನ್ರೆ, ಗಾಡಿ ತೂಕಕ್ಕೆ ಹೋಗ್ಬೇಕು ಎಂದ.

ನಿನ್ನ ಭಾವ ಕಣ್ಣು ತೆರೆಯದೆ ಹೇಳಿದರು: ‘ನನ್ನನ್ನೂ ಸೇರಿಸೇ ತೂಗಿಬಿಡಪ್ಪ. ನನ್ನ ಬಿಡಿಭಾಗಾನೂ ಹೋಗಿದೆ.’

ಆ ಮನುಷ್ಯ ಸರಪಳಿ ಕೈಯಲ್ಲಿ ಹಿಡಿದು ನಿಂತೇಬಿಟ್ಟ. ನಾನು ಗೇಟಿನಿಂದ ಬಂದು ಒಪ್ಪಿಗೆಯ ಕಾಗದ ಕೇಳಿದೆ. ನಿನ್ನ ಕೈಬರಹ ನೋಡಿ ನನಗೆ ಮೊದಲು ನಂಬಿಕೆಯಾಗಲಿಲ್ಲ. ಈಗ ಇದರಲ್ಲಿ ಒಬ್ಬರನ್ನು ಬದುಕಿಸುವ ಕೆಲಸ ನಡೀತಾ ಇದೆ, ಇಪ್ಪತ್ತು ದಿನ ಬಿಟ್ಟು ಬಾ ಎಂದೆ. ಅವನು ವಾದ ಮಾಡಲಿಲ್ಲ. ಹೋಗುವಾಗ ಬಾನೆಟ್ಟು ತಟ್ಟಿ, ಇಂಥ ಗಾಡಿ ಅಂಗಳದಲ್ಲಿ ಇನ್ನೊಂದು ಬಿದ್ದಿದೆ, ಬೇಕಾದ್ದು ಇದ್ರೆ ಹೇಳಿ ಎಂದು ಹೋದ.

ಮಮತೆ ಎಂದು ಬರೆದಿದ್ದೀಯ. ಕೇಳು. ಈ ಕಾರಿನ ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಒರಗುತ್ತದೆ. ಬಾಗಿಲು ಅಗಲ, ನೆಲಕ್ಕೆ ಹತ್ತಿರ. ಅವರು ಯಾರ ಹೆಗಲೂ ಹಿಡಿಯದೆ ಇಳಿಯುತ್ತಾರೆ. ಇದರ ಒಂದೊಂದು ತಿರುಪೂ ನನ್ನ ಕೈಗೆ ಗೊತ್ತು. ಇದು ಮಮತೆಯಲ್ಲ, ಲೆಕ್ಕಾಚಾರ. ಸತ್ತ ಎಂಜಿನ್ ಎನ್ನುತ್ತೀಯ. ಮೊನ್ನೆ ಇದೇ ಸತ್ತ ಎಂಜಿನ್ ನಾಲ್ಕು ಜನರನ್ನು ಹೊತ್ತು ಟ್ಯಾಂಕಿನ ದಿಬ್ಬವನ್ನು ಮೂರನೇ ಗೇರಿನಲ್ಲಿ ಹತ್ತಿತು. ಸತ್ತವರು ದಿಬ್ಬ ಹತ್ತುವುದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಇನ್ನೊಂದು. ಕಳೆದ ಭಾನುವಾರ ನಾದಿನಿಯ ಮನೆಯಲ್ಲಿ ಉಳಿದಿದ್ದೆವು. ನಮ್ಮಲ್ಲಿಗಿಂತ ಹೆಚ್ಚು ಚಳಿ ಅಲ್ಲಿ. ಬೆಳಿಗ್ಗೆ ಅರ್ಧ ತಿರುವಿಗೆ ಎಮ್ಮೆ ಎದ್ದಿತು. ಮನೆಗೆ ಬಂದ ಮೇಲೆ ಮತ್ತೆ ಅದೇ ಹಟ. ‘ನೆಂಟರ ಮನೇಲಿ ಎಲ್ಲರೂ ಬೇಗ ಏಳ್ತಾರೆ’ ಎಂದರು ನಿನ್ನ ಭಾವ.

ಅಕ್ಕನ ಜೊತೆ ಫೋನಿನಲ್ಲಿ ಮಾತಾಡಲು ಬಿಡುವಿಲ್ಲದವನಿಗೆ ಗುಜರಿಗೆ ಕಾಗದ ಬರೆಯಲು ಬಿಡುವಿತ್ತು. ಇದನ್ನೂ ನಾನು ಮರೆಯುವುದಿಲ್ಲ. ಆದರೆ ಉತ್ತರ ಬರೆ.

ಅಕ್ಕ

* * *

ನವೆಂಬರ್ 27, 1996

ಅಕ್ಕನಿಗೆ,

ಬಿರುಗಾಳಿಗೆ ದೋಣಿ ನಿಂತು ವಾರವಾಯಿತು. ನಿನ್ನ ಪತ್ರ ಅದರ ಹಿಂದಿನ ದೋಣಿಯಲ್ಲಿ ಬಂತು. ಒತ್ತಡ ಹೋದ ಎಂಜಿನ್ ನೆಂಟರ ಮನೆಯಲ್ಲಿ ಏಳುವುದಿಲ್ಲ. ಎಲ್ಲಿದ್ದರೂ ಏಳುವುದಿಲ್ಲ. ಆ ಒಂದು ವಾಕ್ಯ ನನ್ನ ಊಟ ಕೆಡಿಸಿತು. ನಿನ್ನ ಪತ್ರಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿ, ಮೊದಲ ಸಾಲಿನಿಂದ ಓದಿದೆ. ನಗರಸಭೆಯನ್ನೂ ಓದಿದೆ. ಇಷ್ಟು ವರ್ಷ ನಿನ್ನ ಬೈಗುಳದ ಪುಟಗಳನ್ನು ಹಾರಿಸಿ ಎಮ್ಮೆ ಸಮಾಚಾರಕ್ಕೆ ಹೋಗುತ್ತಿದ್ದೆ. ಎಮ್ಮೆಯ ಕಾಯಿಲೆ ಬೈಗುಳದ ಪುಟದಲ್ಲೇ ಇತ್ತು.

ಸೆಪ್ಟೆಂಬರಿನಲ್ಲಿ ಫಲಕ ನೆಟ್ಟರು. ಸೆಪ್ಟೆಂಬರಿನಲ್ಲೇ ಎಮ್ಮೆ ಏಳದೆ ಹೋಯಿತು. ಅದುವರೆಗೆ ನೀನು ಮೇಲಿನಿಂದ ಇಳಿದು ಬಂದು ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದೆ. ಈಗ ಮೂತಿ ಮೇಲೆ. ಡೀಸೆಲ್ ಟ್ಯಾಂಕು ಹಿಂದೆ ಇದೆ, ಎಂಜಿನ್ ಮುಂದೆ. ಮೂತಿ ಕೆಳಗಿದ್ದರೆ ಡೀಸೆಲ್ ತಾನಾಗಿ ಎಂಜಿನ್ ಕಡೆ ನಿಂತಿರುತ್ತದೆ. ಮೂತಿ ಮೇಲಿದ್ದು, ದಾರಿಯಲ್ಲಿ ಎಲ್ಲೋ ಒಂದು ಕೂದಲೆಳೆಯಷ್ಟು ಸಂದಿನಿಂದ ಗಾಳಿ ಒಳಗೆ ಹೋದರೆ, ರಾತ್ರಿಯಿಡೀ ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ಜಾರುತ್ತದೆ. ಬೆಳಿಗ್ಗೆ ಕೊಳವೆ ಖಾಲಿ. ಖಾಲಿ ಬಿಂದಿಗೆಯಲ್ಲಿ ಸೌಟು. ನೀನು ಸರಿಯಾಗಿಯೇ ಬರೆದಿದ್ದೆ. ಆ ಸಂದು ಬಹುಶಃ ವರ್ಷಗಳಿಂದ ಇದೆ, ನಿನ್ನ ಬೀದಿಯ ಇಳಿಜಾರು ಅದನ್ನು ಮುಚ್ಚಿಟ್ಟಿತ್ತು. ನಾದಿನಿಯ ಮನೆಯಲ್ಲಿ ಹೇಗೆ ನಿಲ್ಲಿಸಿದ್ದೆ? ಮೂತಿ ಇಳಿಜಾರಿನ ಕಡೆ ಇತ್ತು ಎಂದು ಕಣ್ಣು ಮುಚ್ಚಿ ಹೇಳುತ್ತೇನೆ.

ಖಚಿತ ಮಾಡಿಕೊಳ್ಳಲು ಎರಡು ಕೆಲಸ. ಒಂದು, ಹೇಗಾದರೂ ಒಂದು ರಾತ್ರಿ ನಿಮ್ಮ ಬೀದಿಯಲ್ಲೇ ಮೂತಿ ಕೆಳಗೆ ಮಾಡಿ ನಿಲ್ಲಿಸು. ಎರಡು, ಸೋಸುಕದಿಂದ ಪಂಪಿಗೆ ಹೋಗುವ ಕಪ್ಪು ಕೊಳವೆ ತೆಗೆದು ಅದೇ ಅಳತೆಯ ಪಾರದರ್ಶಕ ಕೊಳವೆ ಹಾಕು. ಎಂಜಿನ್ ಓಡುವಾಗ ನೋಡುತ್ತ ನಿಲ್ಲು. ಗುಳ್ಳೆ ಕಂಡರೆ ಗಾಳಿ. ಶಬ್ದ ಬೇಡ. ಕಣ್ಣಿಗೆ ಕಾಣುವುದನ್ನು ಮಾತ್ರ ಬರೆ.

ಶಬ್ದ ಬೇಡ ಎಂದದ್ದಕ್ಕೆ ಕಾರಣವಿದೆ. ಇದನ್ನು ನಿನಗೆ ಹೇಳಬಾರದೆಂದು ಎರಡು ವರ್ಷ ತಡೆದೆ. ನನಗೆ ಕಿವಿ ಕೇಳಿಸುವುದು ಕಡಿಮೆಯಾಗಿದೆ. ಜೀವನವೆಲ್ಲ ಎಂಜಿನ್‌ಗಳ ನಡುವೆ ನಿಂತವನಿಗೆ ಇದು ದೊಡ್ಡ ಸುದ್ದಿಯಲ್ಲ. ಎದುರಿಗೆ ನಿಂತವರ ತುಟಿ ನೋಡಿ ಅರ್ಧ ಊಹಿಸುತ್ತೇನೆ. ಫೋನಿಗೆ ತುಟಿ ಇಲ್ಲ. ಅವತ್ತು ನಿನ್ನ ದನಿ ಬಂತು, ಮಾತು ಬರಲಿಲ್ಲ. ನೀರಿನೊಳಗಿಂದ ಯಾರೋ ಕರೆದ ಹಾಗೆ. ಹ್ಞೂಂ ಎಂದು ಇಟ್ಟೆ. ಬೇಸಗೆಯಿಂದ ನನ್ನನ್ನು ಎಂಜಿನ್ ಕೋಣೆಯಿಂದ ಉಗ್ರಾಣಕ್ಕೆ ಹಾಕಿದ್ದಾರೆ. ತಿರುಪು ಎಣಿಸಿಕೊಡುವ ಕೆಲಸ. ಹಾಗಾಗಿ ಎಮ್ಮೆಯ ಶಬ್ದ ಕಾಗದದ ಮೇಲಾದರೂ ಕೇಳೋಣ ಎನಿಸಿತ್ತು.

ಮೇಸ್ತ್ರಿಗೆ ಇನ್ನೊಂದು ಕಾಗದ ಬರೆದಿದ್ದೇನೆ. ಗುಜರಿ ಒಪ್ಪಿಗೆ ರದ್ದು.

ಪುಟ್ಟ

* * *

ಡಿಸೆಂಬರ್ 6, 1996

ಪುಟ್ಟನಿಗೆ,

ಕಿವಿಯ ವಿಷಯ ಓದಿದೆ. ಮೊದಲು ಸಿಟ್ಟು ಬಂತು. ಆಮೇಲೆ ನಿನ್ನ ಮೇಲಲ್ಲ, ಆ ಸ್ಥಾವರದವರ ಮೇಲೆ ಸಿಟ್ಟು ಬಂತು. ಶಬ್ದ ತಡೆಯಲು ಕಿವಿ ಮುಚ್ಚುವ ಬಟ್ಟಲು ಕೊಡದೆ ಇಪ್ಪತ್ತು ವರ್ಷ ದುಡಿಸಿ ಉಗ್ರಾಣಕ್ಕೆ ದೂಡುವುದೇ? ಅವರಿಗೆ ಬರೆಯುವ ಪತ್ರದ ಕರಡು ಸಿದ್ಧವಾಗಿದೆ, ನಿನ್ನ ಅನುಮತಿಗೆ ಕಾದಿದ್ದೇನೆ. ಎಂಜಿನ್‌ಗೆ ವಯಸ್ಸಾಯಿತು, ಪಕ್ಕಕ್ಕೆ ಸರಿಸಬೇಕು ಎಂದು ನೀನು ಬರೆದದ್ದನ್ನು ಮತ್ತೆ ಓದಿದೆ. ಆ ಪತ್ರದಲ್ಲಿ ನೀನು ಎಮ್ಮೆಯ ಬಗ್ಗೆ ಬರೆದಿರಲಿಲ್ಲ. ನನಗೆ ಆಗ ತಿಳಿಯಲಿಲ್ಲ.

ನಿನ್ನ ಪರೀಕ್ಷೆಗೆ ಬರೋಣ. ಮೂತಿ ಕೆಳಗೆ ಮಾಡಿ ನಿಲ್ಲಿಸು ಎಂದು ಬರೆಯುವುದು ಸುಲಭ. ಏಕಮುಖ ರಸ್ತೆಯಲ್ಲಿ ಅದು ಅಪರಾಧ. ಗ್ರಂಥಾಲಯದಲ್ಲಿ ಒಂದು ದಿನ ತಡವಾಗಿ ಪುಸ್ತಕ ತಂದವರಿಗೂ ದಂಡ ಹಾಕಿದವಳು ನಾನು, ಬಾಣಕ್ಕೆ ಎದುರಾಗಿ ಓಡಿಸಲಾರೆ. ಆದೇಶದ ಪ್ರತಿ ತರಿಸಿ ಓದಿದೆ. ‘ವಾಹನಗಳು ಗೋದಾಮಿನ ಕಡೆಯಿಂದ ನೀರಿನ ಟ್ಯಾಂಕಿನ ಕಡೆಗೆ ಚಲಿಸತಕ್ಕದ್ದು.’ ಅಷ್ಟೇ. ಹಾಗಾಗಿ ಗೋದಾಮಿನ ಬಳಿ ಕಾರು ತಿರುಗಿಸಿ, ಹಿಂಬದಿ ಮುಂದಾಗಿ, ರಿವರ್ಸಿನಲ್ಲಿ ಇಡೀ ಬೀದಿ ಹತ್ತಿದೆ. ನಿನ್ನ ಭಾವ ಹಿಂದಿನ ಗಾಜು ನೋಡುತ್ತ ‘ಎಡಕ್ಕೆ, ಒಂದು ಗೇಣು ಎಡಕ್ಕೆ’ ಎಂದು ಬಟ್ಟೆ ಅಳೆಯುವ ಹಾಗೆ ದಾರಿ ಹೇಳಿದರು. ಅರ್ಧ ದಾರಿಯಲ್ಲಿ ಪೊಲೀಸ ಬಂದ.

‘ಏನಮ್ಮ ಇದು, ಒನ್ ವೇ ಅಂತ ಕಾಣಿಸಲ್ವಾ?’

‘ಕಾಣಿಸುತ್ತಲ್ಲ. ಕೆಳಗಿಂದ ಮೇಲೆ ಹೋಗ್ಬೇಕು ಅಂತಿದೆ. ಕೆಳಗಿಂದ ಮೇಲೇ ಹೋಗ್ತಾ ಇದೀನಿ.’

‘ಹಿಂದು ಮುಂದಾಗಿ ಹೋಗ್ತಾ ಇದೀರಿ.’

‘ಯಾವ ಮುಖ ಮುಂದಿರ್ಬೇಕು ಅಂತ ಆದೇಶದಲ್ಲಿ ಬರೆದಿಲ್ಲಪ್ಪ. ತಗೋ, ಓದು.’

ಅವನು ನಿಜವಾಗಿಯೂ ತೆಗೆದುಕೊಂಡು ಓದಿದ. ಬಾಣ ನೋಡಿದ, ಕಾರಿನ ಮೂತಿ ನೋಡಿದ, ಒಳಗೆ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ನಿನ್ನ ಭಾವನನ್ನು ನೋಡಿದ. ಆಮೇಲೆ ಕಾಗದ ಮರಳಿಸಿ, ಹಿಂದೆ ನಿಂತು, ಕೈ ಬೀಸಿ ನಮ್ಮನ್ನು ಗೇಟಿನವರೆಗೆ ಹತ್ತಿಸಿದ. ನಾನು ಎಷ್ಟೋ ವರ್ಷಗಳ ನಂತರ ಒಬ್ಬ ಸರ್ಕಾರಿ ಮನುಷ್ಯನಿಗೆ ಮನಸಾರೆ ವಂದನೆ ಹೇಳಿದೆ.

ಬೆಳಿಗ್ಗೆ ಕೀಲಿ ತಿರುಗಿಸಿದೆ. ಎದ್ದಿತು, ಪುಟ್ಟ. ಕೆಮ್ಮಲಿಲ್ಲ, ಹೊಗೆಯಿಲ್ಲ.

ಪಾರದರ್ಶಕ ಕೊಳವೆಯನ್ನೂ ಹಾಕಿದೆ. ಕಂಡದ್ದು: ಡೀಸೆಲ್ಲಿನ ಬಣ್ಣ ತೆಳು ಚಹಾದಂತೆ. ಅದರಲ್ಲಿ ಸಾಸಿವೆಯಷ್ಟು ಗುಳ್ಳೆಗಳ ಸಾಲು, ನಿಲ್ಲದೆ ಹೋಗುತ್ತಿದೆ. ಸೋಸುಕದ ತಲೆಯ ಮೇಲಿನ ಕೈಪಂಪನ್ನು ಬೆರಳಿನಿಂದ ಒತ್ತಿ ಹಿಡಿದರೆ ಸಾಲು ಕಡಿಯುತ್ತದೆ, ಬಿಟ್ಟರೆ ಮತ್ತೆ ಶುರು. ಇದನ್ನು ಕಂಡುಹಿಡಿದದ್ದು ನಿನ್ನ ಭಾವ. ಮೊದಲು ನಾನು ನಂಬಲಿಲ್ಲ, ನಾಲ್ಕು ಸಲ ಮಾಡಿ ತೋರಿಸಿದರು. ‘ಹೊಲಿಗೆ ಬಿಟ್ಟಿರೋದು ಇಲ್ಲೇ’ ಎಂದರು.

ಗುಜರಿಯವನು ಹೇಳಿದ್ದ ದಿನಕ್ಕೆ ಸರಿಯಾಗಿ ಬಂದ. ಲಾರಿ ಖಾಲಿ ಕಳಿಸುವುದಕ್ಕೆ ಸಂಕೋಚವಾಯಿತು. ಇಂಥದೇ ಇನ್ನೊಂದು ಗಾಡಿ ಇದೆ ಎಂದಿದ್ದನಲ್ಲ, ಅದರ ಕೈಪಂಪು ಹೇಗಿದೆ ಎಂದು ಕೇಳಿದೆ. ಮರುದಿನವೇ ಬಿಚ್ಚಿ ತಂದ, ಚಿಂದಿಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡು ಬಂದ ಹಾಗೆ. ಅದರ ಒಳಗಿನ ರಬ್ಬರು ಮೆತ್ತಗಿದೆ. ನಮ್ಮದು ಒಣಗಿದ ಸಿಪ್ಪೆಯಂತಾಗಿದೆ. ಹೇಗೆ ಕೂರಿಸಬೇಕು, ಗಾಳಿ ಹೇಗೆ ತೆಗೆಯಬೇಕು, ಬರೆ. ಅದುವರೆಗೆ ದಿನವೂ ರಿವರ್ಸಿನಲ್ಲಿ ಹತ್ತುತ್ತೇನೆ. ಬೀದಿಯವರು ಕಿಟಕಿಗೆ ಬಂದು ನಿಲ್ಲುತ್ತಾರೆ. ನಿಲ್ಲಲಿ.

ಅಕ್ಕ

* * *

ಡಿಸೆಂಬರ್ 14, 1996

ಅಕ್ಕನಿಗೆ,

ಪೊಲೀಸನ ಭಾಗವನ್ನು ಉಗ್ರಾಣದಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅವರು ನಕ್ಕದ್ದು ಕಂಡಿತು.

ಕೈಪಂಪು ಕೂರಿಸುವಾಗ ಸಂದು ಮುಚ್ಚುವ ತಾಮ್ರದ ಬಳೆಗಳನ್ನು ಹಳೆಯದೇ ಹಾಕಬೇಡ, ಹೊಸದು ಹಾಕು. ಬಿಗಿಯಾದರೆ ಸಾಕು, ಕೋಪದಿಂದ ಬಿಗಿಯಬೇಡ. ನಿನ್ನ ಕೈಗೆ ಆ ಅಭ್ಯಾಸವಿದೆ. ಆಮೇಲೆ ಸೋಸುಕದ ಮೇಲಿನ ಸಣ್ಣ ತಿರುಪನ್ನು ಸಡಿಲಿಸಿ, ಕೈಪಂಪು ಒತ್ತುತ್ತಿರು. ಮೊದಲು ನೊರೆ ಬರುತ್ತದೆ. ನೊರೆ ನಿಂತು ಬರೀ ಡೀಸೆಲ್ ಬಂದ ಮೇಲೆ ತಿರುಪು ಮುಚ್ಚು. ಪಂಪು ಬೆರಳಿಗೆ ಕಲ್ಲಿನಂತೆ ಗಟ್ಟಿಯಾಗಬೇಕು. ಆದ ಮೇಲೆ ಕೆಳಗಿನಿಂದ ಸರಿಯಾಗಿ ಹತ್ತಿ ಬಂದು, ಮೂತಿ ಮೇಲೆ ಮಾಡಿ ನಿಲ್ಲಿಸು. ಬೆಳಿಗ್ಗೆ ಎದ್ದರೆ ರೋಗ ವಾಸಿ.

ಸ್ಥಾವರಕ್ಕೆ ಪತ್ರ ಕಳಿಸು. ಮೃದುಮಾಡಬೇಡ.

ತಿಂಗಳ ಕೊನೆಗೆ ರಜೆ ಸಿಕ್ಕಿದೆ. ನಿಮ್ಮ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕಿವಿ ತೋರಿಸಬೇಕೆಂದಿದ್ದೇನೆ. ಯಂತ್ರ ಹಾಕಿಕೊಂಡರೆ ಸ್ವಲ್ಪ ಕೇಳಿಸಬಹುದು ಎಂದು ಇಲ್ಲಿನ ವೈದ್ಯ ಎರಡು ವರ್ಷದಿಂದ ಹೇಳುತ್ತಿದ್ದಾನೆ. ಹೋಗಲು ಮನಸ್ಸಾಗುತ್ತಿರಲಿಲ್ಲ. ಅವರು ಬಾನೆಟ್ಟು ತೆಗೆದು ಅಂಗೈ ಹಿಡಿದು, ಆಯಿತು ಋಣ ಎಂದುಬಿಟ್ಟರೆ ಎಂದು ಹೆದರಿದ್ದೆ. ಈಗ ಇನ್ನೊಬ್ಬರನ್ನು ಕೇಳಿಯೇ ನೋಡೋಣ ಎನಿಸಿದೆ. ಮೂವತ್ತೊಂದರ ಮಧ್ಯಾಹ್ನದ ದೋಣಿ. ಭಾವನ ಚಿಕಿತ್ಸೆಯ ದಿನ ಅದು, ನನಗೆ ಗೊತ್ತು. ಈ ಸಲ ಓದಿದ್ದೇನೆ. ನೀವು ಬರುವುದು ಬೇಡ. ನಾನೇ ಬರುತ್ತೇನೆ.

ಪುಟ್ಟ

* * *

ಡಿಸೆಂಬರ್ 21, 1996

ಪುಟ್ಟನಿಗೆ,

ನಿನ್ನೆ ಹಗಲು ಕೈಪಂಪು ಕೂರಿಸಿದೆ. ಹೊಸ ತಾಮ್ರದ ಬಳೆ ಹಾಕಿದೆ. ಕೋಪದಿಂದ ಬಿಗಿಯಲಿಲ್ಲ. ಪಂಪು ಒತ್ತಲು ನಿನ್ನ ಭಾವ ತಾವೇ ಹೆಬ್ಬೆರಳು ಕೊಟ್ಟರು. ನೊರೆ ಬಂತು, ನೊರೆ ನಿಂತಿತು, ಡೀಸೆಲ್ ಬಂತು, ಪಂಪು ಕಲ್ಲಾಯಿತು. ಕೊಳವೆಯಲ್ಲಿ ಒಂದೂ ಗುಳ್ಳೆಯಿಲ್ಲ. ಸಂಜೆ ಗೋದಾಮಿನ ಕಡೆಯಿಂದ ಎಲ್ಲರಂತೆ ಹತ್ತಿ ಬಂದು ಮೂತಿ ಮೇಲೆ ಮಾಡಿ ನಿಲ್ಲಿಸಿದೆ. ಪಕ್ಕದ ಮನೆಯ ಅಜ್ಜಿ, ಏನಮ್ಮ ಇವತ್ತು ನೆಟ್ಟಗೆ ಬಂದೆ ಎಂದು ನಿರಾಸೆಯಿಂದ ಕೇಳಿದರು.

ಇವತ್ತು ಚಿಕಿತ್ಸೆಯ ದಿನ. ಇನ್ನೊಂದು ಸಲ ತಡವಾದರೆ ಜಾಗ ಹೋಗುವ ದಿನ. ಹಿಂದೆಲ್ಲ ಎಮ್ಮೆಯ ಹಟಕ್ಕೆಂದು ಹೊತ್ತು ಮೀಸಲಿಟ್ಟು ಬೇಗ ಏಳುತ್ತಿದ್ದೆವಲ್ಲ, ಇವತ್ತೂ ಅಷ್ಟೇ ಬೇಗ ಎದ್ದೆವು. ನಾನು ಒಬ್ಬಳೇ ಮೊದಲು ಹೊರಗೆ ಹೋದೆ. ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಕೀಲಿ ಹಾಕಿದೆ. ತಿರುಗಿಸಿದೆ. ಅರ್ಧ ತಿರುವು ಮುಗಿಯುವುದರೊಳಗೆ ಎಂಜಿನ್ ಓಡುತ್ತಿತ್ತು. ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಅಷ್ಟು ತಿಂಗಳ ನಂತರ ಮಾಡಲು ಏನೂ ಉಳಿದಿರಲಿಲ್ಲ.

ಒಳಗಿನಿಂದ ನಿನ್ನ ಭಾವ ಕೂಗಿದರು: ‘ಏ ನಿಲ್ಲೇ, ನಾನಿನ್ನೂ ಕಾಲುಚೀಲ ಹಾಕಿಲ್ಲ.’

ಇಷ್ಟು ದಿನ ಅವರು ಸೀಟಿನಲ್ಲಿ ಕೂತು ಕಾಯುತ್ತಿದ್ದರು. ಇವತ್ತು ನಾನು ಕಾದೆ.

ಕೇಂದ್ರಕ್ಕೆ ಹೋದರೆ ಗೇಟೇ ತೆಗೆದಿರಲಿಲ್ಲ. ಕಾವಲುಗಾರ ಟಾರ್ಚು ಬಿಟ್ಟು, ಇಷ್ಟು ಬೇಗ ಯಾಕೆ ಬಂದ್ರಿ ಎಂದ. ನಿನ್ನ ಭಾವ ಕಿಟಕಿ ಇಳಿಸಿ, ‘ಬೆಚ್ಚಗೆ ಮಲಗಿದ್ದೋನನ್ನ ಎಬ್ಬಿಸಿಕೊಂಡು ಬಂದ್ಬಿಟ್ಟಳು. ಗಾಡಿ ಕೆಟ್ಟಿದ್ದಾಗ್ಲೇ ಸುಖ ಇತ್ತು’ ಎಂದರು. ಹಿರಿಯ ದಾದಿ ಹಾಜರಿ ಹಾಕುವಾಗ ಮೊದಲ ಹೆಸರು ನಮ್ಮದು. ಅವಳು ಗಡಿಯಾರ ನೋಡಿ ನನ್ನನ್ನು ನೋಡಿದಳು. ಈಗ ಅವರು ಒಳಗೆ ಮಲಗಿದ್ದಾರೆ, ನಾನು ಕಾರಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಿನಗೊಂದು ಕೋಟು ಹೊಲಿಯುತ್ತಾರಂತೆ. ಕತ್ತರಿ ಹಿಡಿಯುತ್ತೇನೆ ಎಂದು ಅವರು ಹೇಳಿ ವರ್ಷವಾಗಿತ್ತು. ನಿನ್ನ ಭುಜದ ಅಳತೆ ಕೇಳಿದರು, ನನಗೆ ಗೊತ್ತಿರಲಿಲ್ಲ. ಬಂದಾಗ ನಿಂತುಕೊಳ್ಳಬೇಕು.

ಬರುವುದು ಬೇಡ ಎಂದು ಬರೆದಿದ್ದೀಯ. ನಿನ್ನ ಮಾತನ್ನು ಈ ಒಂದು ಸಲ ನಾನು ಹಾರಿಸಿ ಓದುತ್ತೇನೆ. ಮೂವತ್ತೊಂದರಂದು ಚಿಕಿತ್ಸೆ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಅಲ್ಲಿಂದ ನೇರ ದೋಣಿ ಕಟ್ಟೆಗೆ. ಜನ ಬಹಳ ಇರುತ್ತಾರೆ, ಮಂಜೂ ಇರಬಹುದು. ನಾನು ಕೂಗಿ ಕರೆಯುವುದಿಲ್ಲ. ಕಟ್ಟೆಯ ಕೊನೆಯಲ್ಲಿ ನಿಲ್ಲಿಸಿ, ಮುಂದಿನ ದೀಪಗಳನ್ನು ಹಚ್ಚಿ ಆರಿಸುತ್ತಿರುತ್ತೇನೆ. ಆ ಕಡೆ ನಡೆದು ಬಾ.

ಅಕ್ಕ